ಅತ್ತೆಯ ಬೆಂಕಿಕಡ್ಡಿ, ಅಪ್ಪನ ಪೆನ್ಸಿಲ್ಲು

ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಸಣ್ಣ ಸಣ್ಣ ಬಿಳಿ ಗೀರುಗಳಿರುತ್ತಿದ್ದವು. ಚೂರಿ ಮಸೆದ ಮೇಲೆ ಅಲಗನ್ನು ಆ ಉಗುರಿನ ಮೇಲಿಟ್ಟು ನೋಡುತ್ತಿದ್ದರು. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ಆ ಉಗುರನ್ನು ನಾನು ಮೊದಲು ನೋಡಿದ್ದು ನನ್ನನ್ನು ನೋಡಲು ಬಂದ ದಿನ, ಕಾಫಿ ಲೋಟ ತೆಗೆದುಕೊಳ್ಳಲು ಚಾಚಿದ ಕೈಯಲ್ಲಿ. ಮುಖ ನೋಡುವ ಧೈರ್ಯವಿರಲಿಲ್ಲ, ಕೈ ನೋಡಿದೆ. ಉಗುರಿನ ಸುತ್ತ ಹಲಸಿನ ಮೇಣ ಕಪ್ಪಗೆ ಕೂತಿತ್ತು. ಈ ಕೈ ಜೊತೆ ಏಗುವುದು ಕಷ್ಟ ಅಂತ ಅವತ್ತೇ ಅನ್ನಿಸಿತ್ತು.

ತೂಬಗೆರೆ ಕಡೆಯ ಹಲಸಿನ ಕಾಲದಲ್ಲಿ ಅತ್ತೆ ಬಸ್ಸು ನಿಲ್ಲುವ ಜಾಗದಲ್ಲಿ ಹಣ್ಣು ಬಿಡಿಸಿ ತೊಳೆ ಮಾರುತ್ತಿದ್ದರು. ಸೊಂಟದಲ್ಲಿ ಸೀರೆ ನೆರಿಗೆಯೊಳಗೆ ಒಂದು ಮಡಚುಚೂರಿ ಇರುತ್ತಿತ್ತು. ಮಿಲಿಟರಿಯಲ್ಲಿದ್ದ ಅವರ ತಮ್ಮ ಎಲ್ಲಿಂದಲೋ ತಂದುಕೊಟ್ಟದ್ದು. ಮರದ ಹಿಡಿ, ಅಂಗೈಯುದ್ದದ ಅಲಗು, ಬೆನ್ನಂತೂ ಗುದ್ದಲಿಯಷ್ಟು ದಪ್ಪ. ತೆಳ್ಳನೆ ಚೂರಿಯಲ್ಲಿ ಹಲಸು ಕೊಯ್ಯಬಹುದು, ಆದರೆ ಕೊಯ್ದ ಮೇಲೆ ಒಳಗೆ ತೂರಿಸಿ ತಿರುಚಿ ಹಣ್ಣನ್ನು ಎರಡು ಹೋಳು ಮಾಡಬೇಕಲ್ಲ, ಅದಕ್ಕೆ ಆ ದಪ್ಪ ಬೇಕಿತ್ತು. ತೆರೆದರೆ ಟಕ್ ಅನ್ನುತ್ತಿತ್ತು. ಮನೆಯಲ್ಲಿ ಆ ಸದ್ದು ಕೇಳಿದರೆ ಎಲ್ಲರೂ ಅತ್ತೆಯ ಕೈ ಕಡೆ ತಿರುಗಿ ನೋಡುತ್ತಿದ್ದರು.

ನನಗೆ ಅತ್ತೆಯ ಮೇಲೆ ಮೊದಲ ಸಿಟ್ಟು ಬಂದದ್ದು ಅವರು ಚೂರಿ ಮಸೆಯುವುದನ್ನು ನೋಡಿ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಆದರೆ ನಮ್ಮಪ್ಪ ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಲೋಡು ಕಟ್ಟುತ್ತಿದ್ದವರು. ದಿನವೆಲ್ಲ ಹಗ್ಗ ಬಿಗಿಯುವುದು, ಹಗ್ಗ ಕೊಯ್ಯುವುದು. ಅವರ ಹತ್ತಿರವೂ ಇಂಥದೇ ದಪ್ಪ ಚೂರಿ ಇತ್ತು. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ಲನ್ನು ತೆಗೆದು, ಚೂರಿಯ ಬೆನ್ನಿಗೂ ಕಲ್ಲಿಗೂ ನಡುವೆ ಹಿಡಿದು, ಅಷ್ಟು ಎತ್ತರ ಮಾಡಿಕೊಂಡು ಒರಟು ಕಲ್ಲಿನ ಮೇಲೆ ಮಸೆಯುತ್ತಿದ್ದರು. "ದಪ್ಪ ಚೂರಿಗೆ ನುಣುಪು ಬ್ಯಾಡ ಕಣಮ್ಮ, ಹಲ್ಲು ಬೇಕು" ಅನ್ನುತ್ತಿದ್ದರು. ಕಣ್ಣಿಗೆ ಕಾಣದ ಆ ಹಲ್ಲುಗಳು ಹಗ್ಗದ ಎಳೆಯನ್ನು ಹಿಡಿದು ಹರಿಯುತ್ತವೆ.

ಅತ್ತೆಯದು ಇದಕ್ಕೆ ಪೂರ್ತಿ ಉಲ್ಟಾ. ಬೆನ್ನನ್ನು ಬೆಂಕಿಕಡ್ಡಿ ತೂರುವಷ್ಟೇ ಎತ್ತಿ, ಅಲಗನ್ನು ಹೆಚ್ಚುಕಡಿಮೆ ಮಲಗಿಸಿ, ಬಚ್ಚಲ ಪಕ್ಕದ ನುಣ್ಣನೆ ಕರಿಕಲ್ಲಿನ ಮೇಲೆ ನೀರು ಹನಿಸಿಕೊಂಡು ಮಸೆಯುತ್ತಿದ್ದರು. ಅರ್ಧ ಬೆಳಗ್ಗೆ ಅದರಲ್ಲೇ ಹೋಗುತ್ತಿತ್ತು. ಕೊನೆಗೆ ಹರಳೆಣ್ಣೆ ಸವರುತ್ತಿದ್ದರು, ಮೇಣ ಅಂಟಬಾರದು ಅಂತ. "ಚೂರಿ ದಪ್ಪ ಅಂತ ಅದರ ಬಾಯೂ ದಪ್ಪ ಮಾಡ್ಬುಟ್ರೆ ಹಣ್ಣು ಕುಯ್ಯಲ್ಲ, ಜಜ್ತದೆ" ಎನ್ನುವುದು ಅವರ ವಾದ. ತೊಳೆಗೆ ಗಾಯವಾಗದ ಹಾಗೆ ಅವರು ಹಣ್ಣು ಬಿಡಿಸುತ್ತಿದ್ದ ಚೆಂದ ನೋಡಿದರೆ ಆ ವಾದ ಸುಳ್ಳು ಅನ್ನುವ ಹಾಗಿರಲಿಲ್ಲ. ಒಪ್ಪಿಕೊಳ್ಳುವ ಮನಸ್ಸು ನನಗೂ ಇರಲಿಲ್ಲ.

ಮದುವೆಯಾಗಿ ಬರುವಾಗ ಅಪ್ಪನ ಒರಟು ಕಲ್ಲೊಂದನ್ನು ನಾನು ಟ್ರಂಕಿನಲ್ಲಿ ಹಾಕಿಕೊಂಡು ಬಂದಿದ್ದೆ. ಅತ್ತೆ ಅದನ್ನು ನೋಡಿ, "ಬೇರೆಯೋರ ಮನೆ ಸೊಸೇರು ಪಾತ್ರೆ ತರ್ತಾರೆ, ಇವ್ಳು ಕಲ್ಲು ತಂದವ್ಳೆ" ಎಂದು ಊರಿಗೆಲ್ಲ ಹೇಳಿದರು. ಸಂತೋಷವಾದಾಗ ನಾನು "ನಮ್ ಸೊಸೆ", ಸಿಟ್ಟು ಬಂದಾಗ "ಅರಿಶಿನಕುಂಟೆಯವ್ಳು". ಆ ವರ್ಷಗಳಲ್ಲಿ ನಾನು ಬಹುಪಾಲು ಅರಿಶಿನಕುಂಟೆಯವಳೇ ಆಗಿದ್ದೆ. ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಮ್ಮನ ಮಾತಿಗೂ ತಲೆಯಾಡಿಸಿ, ನನ್ನ ಮಾತಿಗೂ ತಲೆಯಾಡಿಸಿ, ಶಿಫ್ಟಿಗೆ ಹೊತ್ತಾಯಿತು ಎಂದು ಬಸ್ಸು ಹತ್ತಿಬಿಡುತ್ತಿದ್ದರು.

ಇಷ್ಟೆಲ್ಲ ಇದ್ದರೂ ಒಂದು ವಿಷಯದಲ್ಲಿ ಅತ್ತೆ ತಪ್ಪುತ್ತಿರಲಿಲ್ಲ. ಚೂರಿಯನ್ನು ಎಂದೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಮಡಚಿ ನೆಲದ ಮೇಲಿಡುತ್ತಿದ್ದರು, ನಾನು ನೆಲದಿಂದ ತೆಗೆದುಕೊಳ್ಳಬೇಕು. ವಾಪಸು ಕೊಡುವಾಗಲೂ ಹಾಗೆಯೇ. ಕೈಯಿಂದ ಕೈಗೆ ಚೂರಿ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ದಿನಾ ಬೆಳಗಾದರೆ ಜಗಳವಾಡುತ್ತಿದ್ದ ನಾವಿಬ್ಬರು ಅದನ್ನು ಅಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದುದು ಈಗ ನೆನೆದರೆ ನಗು ಬರುತ್ತದೆ.

ತೊಂಬತ್ತರ ದಶಕದ ಶುರುವಿನ ಒಂದು ಹಲಸಿನ ಕಾಲ. ಅತ್ತೆಯ ಬಲಗೈ ಮಣಿಕಟ್ಟು ಊದಿಕೊಂಡು ಮಸೆಯಲು ಆಗದೆ ಹೋಯಿತು. ಚೂರಿಯನ್ನು ನನ್ನ ಮುಂದೆ ನೆಲಕ್ಕಿಟ್ಟು, "ನಾನ್ ಹೇಳ್ದಂಗೆ ಮಸಿ, ನಿನ್ ಬುದ್ಧಿ ಉಪಯೋಗಿಸ್ಬ್ಯಾಡ" ಅಂದರು. ಅಲಗಿನ ತುದಿಯ ಕಡೆಯ, ಮುಂದಿನ ಅರ್ಧವನ್ನು ಅವರು ಹೇಳಿದಂತೆಯೇ ಬೆಂಕಿಕಡ್ಡಿ ಅಳತೆಯಲ್ಲಿ ಮಸೆದೆ. ಹಿಡಿಯ ಹತ್ತಿರದ ಅರ್ಧಕ್ಕೆ ಬಂದಾಗ ನನ್ನ ಬುದ್ಧಿ ಉಪಯೋಗಿಸಿದೆ. ಆಗಷ್ಟೇ ಕತ್ತಾಳೆ ಹಗ್ಗ ಹೋಗಿ ನೈಲಾನ್ ಹಗ್ಗ ಬಂದಿತ್ತು. ಹಣ್ಣಿನ ಕಟ್ಟು ಬಿಚ್ಚುವಾಗ ಅತ್ತೆಯ ಚೂರಿ ಆ ಹಗ್ಗದ ಮೇಲೆ ಸುಮ್ಮನೆ ಜಾರುವುದನ್ನೂ, ಅವರು ಹಗ್ಗಕ್ಕೆ ಬೈಯುವುದನ್ನೂ ದಿನಾ ನೋಡುತ್ತಿದ್ದೆ. ಟ್ರಂಕಿನಿಂದ ಅಪ್ಪನ ಕಲ್ಲು ತೆಗೆದು, ಬೆನ್ನನ್ನು ಪೆನ್ಸಿಲ್ಲಿನಷ್ಟು ಎತ್ತಿ, ಆ ಅರ್ಧಕ್ಕೆ ಹಲ್ಲು ಬರಿಸಿದೆ.

ಮಾರನೆಯ ಬೆಳಗ್ಗೆ ಬಸ್ಸಿನವರ ಮುಂದೆ ಅತ್ತೆ ಹಣ್ಣು ಕೊಯ್ಯುವಾಗ ಹಿಂದಿನ ಅಂಚು ತೊಳೆಗೆ ಸಿಕ್ಕಿ ಪರಪರ ಎಳೆಯಿತು. ತೊಳೆಗಳು ಹರಿದು ರಸ ಸುರಿಯಿತು. ಕೊಳ್ಳಲು ನಿಂತವಳು ಮೂಗು ಮುರಿದು ಪಕ್ಕದ ಬುಟ್ಟಿಗೆ ಹೋದಳು. ಅತ್ತೆ ಮನೆಗೆ ಬಂದವರೇ ಚೂರಿ ತೆರೆದು ಹಿಡಿದು ಕೇಳಿದರು:

"ಯಾರ್ ಹೇಳಿದ್ರು ನಿಂಗೆ ಹಿಂಗ್ ಮಾಡು ಅಂತ?"

"ಹಗ್ಗ ಕುಯ್ಯಕ್ಕೆ ಆಗ್ಲಿ ಅಂತ ಮಾಡಿದೆ, ಅತ್ತೆ."

"ಇದು ನಿಮ್ಮಪ್ಪನ ಲಾರಿ ಸ್ಟ್ಯಾಂಡಲ್ಲ. ನನ್ ತಮ್ಮ ಕೊಟ್ಟ ಚೂರಿ. ಅದ್ರ ಬಾಯಿ ಕೆಡಿಸ್ದೋಳು ನಾಳೆ ನನ್ ಮನೇನೂ ಕೆಡಿಸ್ತೀಯ."

"ತವರಿನ ಸುದ್ದಿಗೆ ಬರ್ಬೇಡಿ" ಅಂದೆ. ಅಲ್ಲಿಗೆ ಮುಗಿಯಿತು. ಸಂಜೆ ಮಗ ಬಂದ ಕೂಡಲೇ ನನ್ನನ್ನೂ ನನ್ನ ಕಲ್ಲನ್ನೂ ಅರಿಶಿನಕುಂಟೆಗೆ ಬಿಟ್ಟು ಬರಬೇಕು, ತಾವಾಗಿ ಕರೆಯುವವರೆಗೂ ನಾನು ಈ ಹೊಸ್ತಿಲು ತುಳಿಯಬಾರದು ಎಂದರು. ಅವರು ಕರೆಯುವ ಜಾತಿಯಲ್ಲ ಎಂದು ನನಗೆ ಗೊತ್ತಿತ್ತು. ನಾನೂ ಹಟಮಾರಿ. ಒಳಗೆ ಹೋಗಿ ಸೀರೆಗಳನ್ನು ಬ್ಯಾಗಿಗೆ ತುಂಬಿ, ಬಾಗಿಲ ಹತ್ತಿರ ತಂದಿಟ್ಟೆ. ಮದುವೆಯಾಗಿ ಎರಡನೆಯ ವರ್ಷ, ತವರಿಗೆ ಹೋಗಿ ಅಪ್ಪನ ಮುಂದೆ ಏನೆಂದು ಹೇಳಲಿ? ಚೂರಿ ಮಸೆದಿದ್ದಕ್ಕೆ ಬಂದೆ ಅನ್ನಲೇ?

ಅವತ್ತು ಮಧ್ಯಾಹ್ನ ಬಾವಿ ಪಕ್ಕದ ಮರದಿಂದ ಕಾಯಿ ಇಳಿಸುವುದಿತ್ತು. ಮೈದುನ ಮರ ಹತ್ತಿದ. ಕೆಳಗೆ ಅತ್ತೆ ಒಂದು ಕಡೆ, ನಾನು ಇನ್ನೊಂದು ಕಡೆ. ಬಾವಿಯ ಮೇಲೆ ಚಾಚಿದ ಕೊಂಬೆಯಲ್ಲಿ ಎರಡು ದೊಡ್ಡ ಕಾಯಿ ಒಂದೇ ತೊಟ್ಟಿಗೆ ಜೋತಿದ್ದವು. ಅವನು ತೊಟ್ಟಿಗೆ ನೈಲಾನ್ ಹಗ್ಗ ಕಟ್ಟಿ, ಮೇಲಿನ ಕೊಂಬೆಯ ಮೇಲಿಂದ ಹಾಯಿಸಿ, ಮಾಡಬಾರದ ಒಂದು ಕೆಲಸ ಮಾಡಿದ. ಹಗ್ಗದ ಈ ತುದಿಯನ್ನು ತನ್ನ ಎಡಗೈಗೆ ಸುತ್ತಿಕೊಂಡ. ಮಚ್ಚಿನಿಂದ ತೊಟ್ಟು ಕಡಿದ.

ಕಾಯಿಗಳ ಭಾರಕ್ಕೆ ಹಗ್ಗ ಸರ್ರನೆ ಎಳೆದುಕೊಂಡಿತು. ಅವನ ಕೈ ಮೇಲಿನ ಕೊಂಬೆಗೆ ಹೋಗಿ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಮಚ್ಚು ಬಾವಿಗೆ ಬಿದ್ದ ಸದ್ದು ಕೇಳಿಸಿತು. ಕೆಳಗಿನ ಕೊಂಬೆಯ ಮೇಲೆ ಕಾಲಿನ ಬೆರಳಷ್ಟೇ ಊರಿ ಅವನು ನೇತಾಡಿದ ಹಾಗೆ ನಿಂತಿದ್ದ. "ಅಮ್ಮಾ, ಕೈ ಹೋಯ್ತಮ್ಮಾ!" ಎಂದು ಕಿರುಚಿದ. ಕಾಯಿಗಳು ಬಾವಿಯ ನಡುವೆ ತೂಗುತ್ತಿದ್ದವು. ಕೆಳಗಿನಿಂದ ಎತ್ತಿ ಹಗ್ಗ ಸಡಿಲಿಸೋಣವೆಂದರೆ ಅಲ್ಲಿ ನಿಲ್ಲಲು ನೆಲವೇ ಇಲ್ಲ. ಆ ಹೊತ್ತಿನಲ್ಲಿ ಕೂಗಿದರೆ ಬರುವ ಗಂಡಸರೂ ಹತ್ತಿರದಲ್ಲಿರಲಿಲ್ಲ.

ನಾನು ಏಣಿ ಹಿಡಿಯುವಷ್ಟರಲ್ಲಿ ಅತ್ತೆ ಸೀರೆ ಕಚ್ಚೆ ಹಾಕಿ ಅರ್ಧ ಹತ್ತಿಯಾಗಿತ್ತು. ಚೂರಿಯನ್ನು ಮಡಚಿದ ಹಾಗೆಯೇ ಬಾಯಲ್ಲಿ ಕಚ್ಚಿಕೊಂಡಿದ್ದರು. ಊದಿದ ಕೈಯಲ್ಲಿ ಕೊಂಬೆ ತಬ್ಬಿ, ಮಗನ ಪಕ್ಕಕ್ಕೆ ಸರಿದು, ಚೂರಿಯನ್ನು ಹಲ್ಲಿನಿಂದಲೇ ತೆರೆದರು. ಟಕ್.

"ಇನ್ನೊಂದ್ ಕೈಲಿ ಕೊಂಬೆ ತಬ್ಕೊ. ಹಗ್ಗ ಹೋದೇಟ್ಗೆ ಬೀಳ್ತೀಯ, ತಬ್ಕೊ" ಅಂದರು.

ಬಿಗಿದು ನಿಂತ ಹಗ್ಗದ ಮೇಲೆ ಚೂರಿಯ ಮುಂದಿನ ಅರ್ಧವನ್ನಿಟ್ಟು ಎಳೆದರು. ಜಾರಿತು. ಮತ್ತೆ ಎಳೆದರು. ಬೆಳಗಿನ ಎಣ್ಣೆ, ಅದರ ಮೇಲೆ ಹಣ್ಣಿನ ಮೇಣ, ಆ ನುಣುಪು ಅಂಚು, ಈ ನುಣುಪು ಹಗ್ಗ. ಒಂದು ಎಳೆಯೂ ಮಿಸುಕಲಿಲ್ಲ. ಮೈದುನನ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗುತ್ತಿದ್ದುದು ಕೆಳಗಿನಿಂದಲೇ ಕಾಣುತ್ತಿತ್ತು. ಅವನ ಕೂಗು ನಿಂತು ಬರೀ ನರಳಾಟವಾಗಿತ್ತು. ನನಗೆ ಅದಕ್ಕೇ ಹೆಚ್ಚು ಭಯವಾಯಿತು.

"ಅತ್ತೇ, ಹಿಡಿ ಹತ್ರ ಇಡಿ! ಹಿಂದ್ಗಡೆ!" ಎಂದು ಕೂಗಿದೆ.

"ಗೊತ್ತು, ಬಾಯ್ಮುಚ್ಕೊಂಡಿರೆ!"

ಅಂಥ ಹೊತ್ತಿನಲ್ಲೂ ಅವರು ಇನ್ನೊಂದು ಸಲ ಮುಂದಿನ ಅರ್ಧದಲ್ಲೇ ಎಳೆದರು. ನಮ್ಮ ಅತ್ತೆ ಅಂದರೆ ಅದು. ಹಗ್ಗ ಹಾಗೆಯೇ ಇತ್ತು. ಆಮೇಲೆ ತಲೆ ಎತ್ತಿ ಮಗನ ಮುಖ ನೋಡಿದರು. ಚೂರಿಯನ್ನು ಮುಂದಕ್ಕೆ ತಳ್ಳಿ, ಬೆಳಗ್ಗೆ ತಾವೇ ಶಪಿಸಿದ್ದ ಆ ಅಂಚನ್ನು ಹಗ್ಗಕ್ಕೆ ಕೊಟ್ಟು ತಮ್ಮ ಕಡೆಗೆ ಸೆಳೆದರು. ಕರ್ ಎಂದಿತು. ಎಳೆಗಳು ಬಿಚ್ಚಿಕೊಂಡು ಮೇಲೆದ್ದವು. ಇನ್ನೊಮ್ಮೆ ಸೆಳೆಯುವಷ್ಟರಲ್ಲಿ ಹಗ್ಗ ಪಟ್ಟನೆ ಹರಿದು, ಕಾಯಿಗಳು ಬಾವಿಗೆ ಬಿದ್ದು, ನೀರು ಕಟ್ಟೆಯವರೆಗೂ ಹಾರಿತು. ಮೈದುನ ಕೊಂಬೆಯನ್ನು ತಬ್ಬಿಕೊಂಡೇ ಇದ್ದ.

ಅವನನ್ನು ಇಳಿಸಿ, ಯಾರದೋ ಲೂನಾದಲ್ಲಿ ದೊಡ್ಡಬಳ್ಳಾಪುರಕ್ಕೆ ಕಳಿಸಿದೆವು. ಮೂಳೆ ಮುರಿದಿರಲಿಲ್ಲ, ಕೈ ಉಳಿಯಿತು. ಬೆರಳುಗಳ ಜೋಮು ಹೋಗಲು ಮುಂದಿನ ಸುಗ್ಗಿಯವರೆಗೂ ಕಾಯಬೇಕಾಯಿತು. ಅತ್ತೆ ಜಗಲಿಯ ಮೇಲೆ ಕೂತು ತಮ್ಮ ಮಣಿಕಟ್ಟನ್ನು ತಾವೇ ನೀವಿಕೊಳ್ಳುತ್ತಿದ್ದರು. ನೀರು ಕೊಟ್ಟೆ, ಕುಡಿದರು. ಮರದ ಮೇಲಿನದು ಮುಗಿದಿತ್ತು, ಬಾಗಿಲ ಹತ್ತಿರದ ಬ್ಯಾಗು ಹಾಗೆಯೇ ಇತ್ತು.

ಸಂಜೆ ಯಜಮಾನರು ಬಂದರು. ಹೊಸ್ತಿಲಲ್ಲಿ ಬ್ಯಾಗಿಗೆ ಎಡವಿ, "ಇದೇನಿದು?" ಎಂದರು. ನಾನು ಅತ್ತೆಯ ಮುಖ ನೋಡಿದೆ.

"ಆ ಬ್ಯಾಗ್ ಎತ್ತಿ ಒಳಗಿಡೇ" ಅಂದರು ಅತ್ತೆ. "ಓಡಾಡೋರ ಕಾಲ್ಗೆ ಸಿಗ್ತದೆ."

ಅಷ್ಟೇ. ನಾನು ಬ್ಯಾಗನ್ನು ಒಳಗಿಟ್ಟು, ಗೋಡೆಗೆ ಒರಗಿ ಅತ್ತುಬಿಟ್ಟೆ. ಹೊರಗೆ ಬಂದಾಗ ಜಗಲಿಯ ನೆಲದ ಮೇಲೆ ಚೂರಿ ಇತ್ತು, ಪಕ್ಕದಲ್ಲಿ ಅಪ್ಪನ ಕಲ್ಲು. ಅಲಗಿನ ನಡುವೆ ಮೊಳೆಯಿಂದ ಅಡ್ಡಕ್ಕೆ ಒಂದು ಗೆರೆ ಗೀಚಿದ್ದರು, ಹೊಲದ ಬದುವಿನ ಹಾಗೆ. "ಮುಂದಿಂದು ನಂದು, ಹಿಂದಿಂದು ನಿಂದು. ಗೆರೆ ದಾಟ್ಬ್ಯಾಡ" ಅಂದರು. ಮಣಿಕಟ್ಟು ವಾಸಿಯಾದ ಮೇಲೂ ಅವರು ತಮ್ಮ ಅರ್ಧವನ್ನು ಮಾತ್ರ ಮಸೆದು, ಚೂರಿಯನ್ನು ನೆಲಕ್ಕಿಟ್ಟು ನನ್ನನ್ನು ಕರೆಯುತ್ತಿದ್ದರು. ನಾನು ನನ್ನ ಅರ್ಧ ಮಸೆದು ನೆಲಕ್ಕಿಡುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತು, ಮುಂದೆ ಮಗು ಹುಟ್ಟಿದ ಮೇಲೆ ಅದಕ್ಕೆ ಎಣ್ಣೆ ಸಾಲದು ಎಂದು ಜಗಳಗಳು ನಡೆದೇ ಇದ್ದವು. ಮನೆಯಿಂದ ಹೋಗು ಎಂಬ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಒಂದು ಬೆಳಗ್ಗೆ ಗಂಜಿ ಕುಡಿಸಿದ ಮೇಲೆ ಚೂರಿ ಕೇಳಿದರು. ತಂದು ಎಂದಿನಂತೆ ಚಾಪೆಯ ಪಕ್ಕ ನೆಲಕ್ಕಿಟ್ಟೆ. ತೆರೆಯಲು ಅವರಿಗೆ ಶಕ್ತಿ ಸಾಲಲಿಲ್ಲ, ನಾನು ತೆರೆದು ಮತ್ತೆ ನೆಲಕ್ಕಿಟ್ಟೆ. ಮುಂದಿನ ಅಂಚನ್ನು ಉಗುರಿನ ಮೇಲಿಟ್ಟು ನೋಡಿದರು. ಅವರು ಹಾಸಿಗೆ ಹಿಡಿದ ಮೇಲೆ ಆ ಅರ್ಧವನ್ನೂ ನಾನೇ ಮಸೆಯುತ್ತಿದ್ದೆ, ಬೆಂಕಿಕಡ್ಡಿ ಅಳತೆಯಲ್ಲೇ. ಕಚ್ಚಿ ನಿಂತಿತು. ಹಿಂದಿನದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಎದೆಗೊತ್ತಿ ಹೇಗೋ ಮಡಚಿ, ಚೂರಿಯನ್ನು ನನ್ನ ಕಡೆಗೆ ಚಾಚಿದರು.

"ಕೆಳಗಿಡಿ ಅತ್ತೆ, ತಗೋತೀನಿ."

"ಹಿಡ್ಕೊಳೇ. ಆಡೋ ಜಗಳ ಎಲ್ಲಾ ಆಡಿ ಆಯ್ತಲ್ಲ."

ಕೈಯಿಂದ ಕೈಗೆ ತೆಗೆದುಕೊಂಡೆ. ಹಿಡಿ ಅವರ ಅಂಗೈ ಬಿಸಿಗೆ ಬೆಚ್ಚಗಿತ್ತು. ಆ ವಾರವೇ ಹೋದರು.

ಚೂರಿ ಈಗಲೂ ನನ್ನ ಹತ್ತಿರವಿದೆ. ಮುಂದಿನ ಅರ್ಧವನ್ನು ಅವರ ಕಲ್ಲಿನ ಮೇಲೆ, ಹಿಂದಿನ ಅರ್ಧವನ್ನು ಅಪ್ಪನ ಕಲ್ಲಿನ ಮೇಲೆ ಮಸೆಯುತ್ತೇನೆ, ಗೆರೆ ದಾಟುವುದಿಲ್ಲ. ಮಸೆದ ಮೇಲೆ ಅಭ್ಯಾಸಬಲದಿಂದ ನೆಲಕ್ಕಿಡುತ್ತೇನೆ, ಆಮೇಲೆ ನಾನೇ ಎತ್ತಿಕೊಳ್ಳುತ್ತೇನೆ. ಕೈಯಿಂದ ಕೈಗೆ ಚೂರಿ ಕೊಟ್ಟರೆ ಜಗಳ ಬರುತ್ತದೆ ಅನ್ನುತ್ತಾರೆ. ಅವರು ಕೊಟ್ಟು ಹೋದರು. ಒಂದೇ ಒಂದು ಜಗಳವಾದರೂ ಬಂದಿದ್ದರೆ ಚೆನ್ನಾಗಿತ್ತು.