ಇಳಿದವರು ಪ್ಯಾಸೆಂಜರಲ್ಲ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ದೊಡ್ಡ ಮಾತಾಯಿತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮ್ಮ ಪಾಲಿಗೆ ಉಳಿದದ್ದು ಬಸ್ಸಿನ ಹಿಂಬದಿಗೆ ಕಟ್ಟಿದ ಒಂದು ಕಬ್ಬಿಣದ ಒಲೆ. ಕ್ಲೀನರ್ ಅದಕ್ಕೆ ಇದ್ದಿಲು ತುಂಬಿ, ಹಿಡಿ ತಿರುಗಿಸಿ ಗಾಳಿ ಹಾಕಿದರೆ ಇಂಜಿನ್ನಿಗೆ ಉಸಿರು ಬರುತ್ತಿತ್ತು. ಮಲ್ಲಂದೂರಿನ ಕಡೆಯ ಏರಿನಲ್ಲಿ ಆ ಉಸಿರೂ ನಿಲ್ಲುತ್ತಿತ್ತು. ಆಗ ಕಂಡಕ್ಟರ್ "ಎಲ್ರೂ ಇಳೀರಿ" ಎನ್ನುವನು. ನಾವು ಇಳಿಯುವೆವು. ಗಂಡಸರು ಹಿಂದಿನಿಂದ ನೂಕುವುದು, ಯಾರಾದರೊಬ್ಬರು ಬಸ್ಸು ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಡುವುದು. ಟಿಕೆಟ್ ತೆಗೆದುಕೊಂಡು ಬಸ್ಸನ್ನು ನಾವೇ ಗುಡ್ಡ ಹತ್ತಿಸುತ್ತಿದ್ದೆವು. ಅದರಲ್ಲಿ ಯಾರಿಗೂ ನಾಚಿಕೆ ಇರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಹೇಳಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ನಾನು ಆಗ ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ನನ್ನ ಅಕ್ಕ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ ತನ್ನ ಅನ್ನವನ್ನು ತಾನೇ ದುಡಿದುಕೊಂಡವಳು. ಒಡಕು ಬೀಜ, ಕಪ್ಪು ಬೀಜ ಬೇರೆ ಮಾಡುವಾಗ ಅವಳ ಬಲಗೈ ಬೆರಳುಗಳು ಕೋಳಿ ಕಾಳು ಹೆಕ್ಕಿದಂತೆ ಓಡಾಡುತ್ತಿದ್ದವು. ಆ ಬೆರಳುಗಳೇ ಅವಳ ಗದ್ದೆ, ಅವಳ ತೋಟ.

ಒಂದು ಶನಿವಾರ ಅಕ್ಕ ನನ್ನ ಮನೆಗೆ ಹೊರಟು, ಇಬ್ಬರೂ ಪೇಟೆಯಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಏರಿನಲ್ಲಿ ಎಂದಿನಂತೆ ಬಸ್ಸು ನಿಂತಿತು, ಎಂದಿನಂತೆ ಎಲ್ಲರೂ ಇಳಿದೆವು. ಕ್ಲೀನರ್ ಒಲೆಯ ಹಿಡಿ ತಿರುಗಿಸುತ್ತಿದ್ದ. ಕಂಡಕ್ಟರ್ ಅಕ್ಕನಿಗೆ, "ಅಕ್ಕಾ, ಆ ಕಲ್ಲು ಸ್ವಲ್ಪ ಚಕ್ರಕ್ಕೆ ಕೊಡಿ" ಎಂದ. ಅವಳು ಬಗ್ಗಿದಳು. ನಾವು ನೂಕಿದ್ದು ಸಾಲದೆ ಬಸ್ಸು ಹಿಂದಕ್ಕೆ ಬಂತು. ಚಕ್ರಕ್ಕೂ ಕಲ್ಲಿಗೂ ನಡುವೆ ಅವಳ ಬಲಗೈಯ ಮೂರು ಬೆರಳು ಸಿಕ್ಕಿದವು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯದು ಇದ್ದೂ ಇಲ್ಲದಂತಾಯಿತು. ಕ್ಯೂರಿಂಗಿನ ಮೇಸ್ತ್ರಿ ಅವಳ ಕೈ ನೋಡಿ, ಆರಿಸುವ ಜಾಗದಿಂದ ಎಬ್ಬಿಸಿ ಪೊರಕೆ ಕೊಟ್ಟ. ಅರ್ಧ ಕೂಲಿ.

ಬಸ್ಸಿನ ಸಾಹುಕಾರರಿಂದ ಪರಿಹಾರ ಕೇಳೋಣ ಎಂದವನು ನಾನು. ಎಸ್ಟೇಟಿನ ದೊರೆಗಳಿಗೇ ಕಾಗದ ಬರೆಯುವ ನನಗೆ ಒಂದು ಅರ್ಜಿ ಯಾವ ಲೆಕ್ಕ ಎಂಬ ಜಂಬ ಬೇರೆ. ಎರಡು ದಿನ ಕೂತು ಬರೆದೆ. ಅಕ್ಕನ ಒಳ್ಳೆಯತನ ಓದಿ ಸಾಹುಕಾರರ ಕಣ್ಣಲ್ಲಿ ನೀರು ಬರಬೇಕು ಎಂದು, "ಸದರಿ ಹೆಂಗಸು ಸ್ವಂತ ಇಚ್ಛೆಯಿಂದ ಬಸ್ಸಿನಿಂದ ಕೆಳಗಿಳಿದು, ಪರೋಪಕಾರಾರ್ಥವಾಗಿ ಚಕ್ರಕ್ಕೆ ಕಲ್ಲು ಕೊಡುತ್ತಿರುವಾಗ" ಎಂದು ಬರೆದೆ. ಬರೆದದ್ದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿಯೂ ಹೇಳಿದೆ. ಅವಳು, "ಕಂಡಕ್ಟರ್ ಹೇಳಿದ್ದಕ್ಕಲ್ವೇನೋ ನಾನು ಇಳಿದಿದ್ದು?" ಎಂದಳು. ಕಾಗದದ ಭಾಷೆ ನಿನಗೆ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಹದಿನೈದು ದಿನಕ್ಕೆ ಸಾಹುಕಾರರು ನಮ್ಮಿಬ್ಬರನ್ನೂ ತಮ್ಮ ಬಸ್ ಆಫೀಸಿಗೆ ಕರೆಸಿದರು. ಅವರ ಬೆರಳುಗಳು ಐದಕ್ಕೈದೂ ಇದ್ದವು, ಎರಡರಲ್ಲಿ ಉಂಗುರ. ನನ್ನ ಅರ್ಜಿಯನ್ನು ಎತ್ತಿ ಹಿಡಿದು, "ರೈಟ್ರೇ, ಬಹಳ ಚೆನ್ನಾಗಿ ಬರ್ದಿದ್ದೀರಿ" ಎಂದರು. ನಾನು ಹಿಗ್ಗಿದೆ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ?

"ಸ್ವಂತ ಇಚ್ಛೆಯಿಂದ ಇಳಿದ್ರು ಅಂತ ನೀವೇ ಬರ್ದಿದ್ದೀರಿ. ನಮ್ ವಕೀಲ್ರಿಗೂ ತೋರಿಸ್ದೆ. ಟಿಕೆಟ್ ಇರೋದು ಒಳಗೆ ಕೂತವ್ರಿಗೆ. ಇಳಿದ್ಮೇಲೆ ಅವ್ರು ಪ್ಯಾಸೆಂಜರಲ್ಲ, ರಸ್ತೇಲಿ ಹೋಗೋವ್ರು. ರಸ್ತೇಲಿ ಹೋಗೋವ್ರು ಚಕ್ರದ ಕೆಳಗೆ ಕೈ ಇಟ್ರೆ ನಾನೇನ್ ಮಾಡ್ಲಿ ಹೇಳಿ."

ಕಂಡಕ್ಟರ್ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಇಳಿಯಿರಿ ಎಂದವನು ನೀನಲ್ಲವೇ ಎಂದು ಕೇಳಿದೆ. ಅವನು ಹೆಂಚು ಎಣಿಸುವವನಂತೆ ಮಾಡು ನೋಡಿದ. ಕೋಲು ಕೊಟ್ಟು ಹೊಡೆಸಿಕೊಂಡವನು ನಾನು, ಅವನನ್ನು ಬೈದು ಏನು ಪ್ರಯೋಜನ?

ಕೊನೆಗೆ ಸಾಹುಕಾರರಿಗೆ ಧರ್ಮಬುದ್ಧಿ ಹುಟ್ಟಿತು. ಒಂದು ರಟ್ಟಿನ ಚೀಟಿಗೆ ಸೀಲು ಒತ್ತಿ ಅಕ್ಕನ ಎಡಗೈಗೆ ಕೊಟ್ಟರು. "ಬದುಕಿರೋವರೆಗೂ ನಮ್ ಬಸ್ಸಲ್ಲಿ ನಿಮಗೆ ಟಿಕೆಟ್ ಬೇಡ." ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಚೀಟಿಯನ್ನು ಅವರ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಬಂದು ನಾನು ಕೂಗಾಡಿದ್ದಕ್ಕೆ, "ಇರ್ಲಿ ಬಿಡೋ ಮಾರಾಯ, ಅವ್ರು ಒಂದು ಮಾತು ಹೇಳಿದ್ದಾರಲ್ಲ, ನೆನಪಿಟ್ಕೋ" ಎಂದಳು. ನನಗೆ ಅವಳ ಮೇಲೂ ಅಸಹ್ಯ ಬಂತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಮಳೆಗಾಲ ಕಳೆದ ಮೇಲೆ ಇಬ್ಬರೂ ಮತ್ತೆ ಅದೇ ಬಸ್ಸಿನಲ್ಲಿ ಬಂದೆವು. ಸಂತೆ ಮುಗಿಸಿದವರಿಂದ ಬಸ್ಸು ತುಂಬಿತ್ತು. ಅದೇ ಏರು, ಅದೇ ಕಂಡಕ್ಟರ್, "ಎಲ್ರೂ ಇಳೀರಿ." ಜನ ಎದ್ದರು. ಬಾಗಿಲಿನ ಹತ್ತಿರದ ಸೀಟಿನಲ್ಲಿದ್ದ ಅಕ್ಕ ಏಳಲಿಲ್ಲ. ಹಿಂದಿನವರಿಗೆ ದಾರಿಯಿಲ್ಲದಂತೆ ಕಾಲು ಅಡ್ಡ ಚಾಚಿ ಕೂತಳು.

"ಅಕ್ಕಾ, ಇಳೀಬೇಕು" ಎಂದ ಕಂಡಕ್ಟರ್.

"ಇಳಿದ್ರೆ ನಾನು ಪ್ಯಾಸೆಂಜರಲ್ಲ ಅಂತ ನಿಮ್ ಸಾಹುಕಾರ್ರು ಹೇಳಿದ್ದಾರೆ. ನೀನೂ ಅಲ್ಲೇ ನಿಂತಿದ್ದೆ." ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು, ಎರಡು ಬೆರಳಿಲ್ಲದ ಕೈಯಲ್ಲೇ ಅದನ್ನು ಎತ್ತಿ ಹಿಡಿದಳು. ಆಮೇಲೆ ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ಇಳಿಯೋವ್ರು ಇಳೀರಿ. ಕೈ ಹೋದ್ರೆ ಯಾರೂ ಕೇಳಲ್ಲ. ನೋಡಿ, ಹಿಂಗೆ."

ಆ ಕೈಯನ್ನು ನೋಡಿ ಎದ್ದವರು ಒಬ್ಬೊಬ್ಬರಾಗಿ ಕೂತರು. ಬುಟ್ಟಿಯವರು ಬುಟ್ಟಿ ತೊಡೆಯ ಮೇಲಿಟ್ಟುಕೊಂಡರು. ಒಬ್ಬ ಮುದುಕ ಬೀಡಿ ಹಚ್ಚಿ, ಸಾಹುಕಾರರೇ ಬಂದು ನೂಕಲಿ ಎಂದ. ಕಂಡಕ್ಟರ್ ಡ್ರೈವರನ ಮುಖ ನೋಡಿದ, ಡ್ರೈವರ್ ರಸ್ತೆ ನೋಡಿದ. ಬಸ್ಸು ಅಲ್ಲೇ ನಿಂತಿತ್ತು.

ಇದೆಲ್ಲ ನನಗೆ ಕಾಣುತ್ತಿದ್ದದ್ದು ಕಿಟಕಿಯ ಹೊರಗಿನಿಂದ. ಕಂಡಕ್ಟರನ ಮಾತು ಮುಗಿಯುವ ಮೊದಲೇ ಇಳಿದು, ಬಸ್ಸಿನ ಹಿಂಬದಿಗೆ ಎರಡೂ ಕೈ ಕೊಟ್ಟು ನಿಂತವನು ನಾನೊಬ್ಬನೇ. ಒಳಗಿನ ಮಾತು ಕೇಳಿ ಕಿಟಕಿಯ ಪಕ್ಕಕ್ಕೆ ಬಂದಿದ್ದೆ. ಅಕ್ಕ ಕಿಟಕಿಯಿಂದ ತಲೆ ಹಾಕಿ ನನ್ನನ್ನು ನೋಡಿದಳು.

"ನೀನ್ಯಾಕೋ ಇಳಿದೆ?" ಎಂದು ಕೇಳಿದಳು.