ದಿಲನಾಜ ಕಾದ ಬಿಳಿ ಗಾಡಿ

ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಕರ್ಜಗಿಯ ದಿಲನಾಜಳ ಮನೆಯ ಮುಂದೆ ಆರು ಮಂದಿ ಹುಡುಗಿಯರು ಹೊಸ ಯೂನಿಫಾರ್ಮ್ ತೊಟ್ಟು ನಿಂತಿದ್ದರು. ಎಲ್ಲರೂ ಹತ್ತನೇ ತರಗತಿ ಪಾಸಾಗಿ ಹಾವೇರಿಯ ಕಾಲೇಜಿಗೆ ಹೆಸರು ಹಚ್ಚಿದವರು. ಅವರನ್ನು ದಿನಾಲೂ ಕಾರಿನಲ್ಲಿ ಕರೆದೊಯ್ದು, ಸಂಜೆ ಮನೆ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟವಳು ದಿಲನಾಜ. ಆ ಕಾರು ಮಾತ್ರ ಇನ್ನೂ ಬಂದಿರಲಿಲ್ಲ.

ಅವಳು ಹೊಸ್ತಿಲ ಮೇಲೆ ನಿಂತು ಒಂದು ಗಳಿಗೆ ಹುಡುಗಿಯರನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು.

"ನಡೀರಿ, ಬಸ್ಸಿಗೆ ಹೋಗೂಣು. ನಾನೂ ಬರ್ತೇನಿ."

"ನೀವ್ಯಾಕ್ರಿ ದಿಲನಾಜಕ್ಕ?" ಎಂದು ಕೇಳಿದವಳು ಮಹೇಶ್ವರಿ.

"ನಿಮ್ಮಪ್ಪಗ ಮಾತು ಕೊಟ್ಟೇನಲ್ಲವಾ. ಗಾಡಿ ಇರ್ಲಿ, ಬಿಡ್ಲಿ."

ದಿಲನಾಜ ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳು. ಅವಳ ತಂದೆ ಜಹಾಂಗೀರ ಮೂವತ್ತು ವರ್ಷ ಟೆಂಪೊದಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಮಾರುಕಟ್ಟೆಗೆ ಓಡಾಡಿದವನು. ವ್ಯಾಪಾರ ಇಲ್ಲದ ದಿನ ಮಾರುಕಟ್ಟೆಯ ಖಾಲಿ ಅಂಗಳದಲ್ಲಿ ಮಗಳನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಅವನೇ ಗೇರ್ ಹಾಕಲು ಕಲಿಸಿದ್ದ. ಮದುವೆಯಾಗಿ ಕರ್ಜಗಿಗೆ ಬಂದ ಮೇಲೆ ಹದಿನೈದು ವರ್ಷ ಅವಳು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಗಂಡ ಮುಸ್ತಾಕ್ ಊರಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಒಂದು ಮಳೆಗಾಲದಲ್ಲಿ ಪಕ್ಕದ ಓಣಿಯ ಬಸುರಿಗೆ ನೋವು ಶುರುವಾಗಿ, ಅವರ ಮನೆಯಲ್ಲಿ ಗಾಡಿ ಇದ್ದರೂ ಓಡಿಸುವ ಗಂಡಸು ಇಲ್ಲದಾಗ ದಿಲನಾಜ ಕೀಲಿ ಇಸಿದುಕೊಂಡು ಹಾವೇರಿಯ ಆಸ್ಪತ್ರೆ ಮುಟ್ಟಿಸಿದ್ದಳು. ಅವತ್ತಿನಿಂದ ಊರಿಗೆ ಅವಳು ಡ್ರೈವರ್ ಆದಳು. ಆ ವರ್ಷವೇ ಲೈಸೆನ್ಸನ್ನೂ ಮಾಡಿಸಿಕೊಂಡಳು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಬೆಳಗಿನ ಬಸ್ಸುಗಳು ಕರ್ಜಗಿ ಮುಟ್ಟುವ ಹೊತ್ತಿಗೇ ತುಂಬಿರುತ್ತಿದ್ದವು. ಕೆಲವು ನಿಲ್ಲುತ್ತಲೇ ಇರಲಿಲ್ಲ. ಹುಡುಗಿಯರನ್ನು ಕಾಲೇಜಿಗೆ ಕಳಿಸಲು ತಂದೆತಾಯಿಗಳು ಹಿಂದೆಮುಂದೆ ನೋಡಿದ್ದು ಅದಕ್ಕೇ. ದಿಲನಾಜ ಏಪ್ರಿಲ್‌ನಲ್ಲಿ ಆರೂ ಮನೆಗೆ ಹೋಗಿ ಮಾತಾಡಿ ಬಂದಳು. ರಾಣೆಬೆನ್ನೂರಿನ ಹೆದ್ದಾರಿ ಬದಿಯ ಶೋರೂಮಿನಲ್ಲಿ ಏಳು ಸೀಟಿನ ಬಿಳಿ ಗಾಡಿಯನ್ನು ಟ್ಯಾಕ್ಸಿ ಎಂದು ಬುಕ್ ಮಾಡಿದಳು. ಮೇ ಇಪ್ಪತ್ತರೊಳಗೆ ಕೊಡುತ್ತೇವೆ ಎಂದು ಅವರು ಹೇಳಿದ್ದರು.

ಮಹೇಶ್ವರಿಯ ತಂದೆ ಉಡಚಪ್ಪ ಮಾತ್ರ ಸುಲಭಕ್ಕೆ ಒಪ್ಪಿರಲಿಲ್ಲ. ನಾಲ್ಕೆಕರೆ ಹೊಲ, ಎರಡು ಎಮ್ಮೆ, ಕಡಿಮೆ ಮಾತು. "ನೀ ಕರ್ಕೊಂಡ ಹೋಗಿ ನೀನಽ ಕರ್ಕೊಂಡ ಬರ್ತೀ ಅಂದ್ರ ಕಳಿಸ್ತೇನಿ ತಂಗಿ. ಬಸ್ಸಿಗೆ ಒಬ್ಬಾಕಿನ್ನಽ ಅಂದ್ರ ಇಲ್ಲ," ಎಂದಿದ್ದ.

ಮೇ ಇಪ್ಪತ್ತು ದಾಟಿತು. ಶೋರೂಮಿನಲ್ಲಿ ಅವಳ ಬುಕಿಂಗ್ ನೋಡಿಕೊಳ್ಳುತ್ತಿದ್ದವನು ಅಶ್ಫಾಕ ಎಂಬ ಹುಡುಗ. ಇಪ್ಪತ್ತೈದರ ಆಸುಪಾಸು, ಕೊರಳಲ್ಲಿ ಟೈ. ಮೊದಲೆಲ್ಲ ಒಂದೇ ರಿಂಗಿಗೆ ಫೋನ್ ಎತ್ತಿ, ಆಪಾ, ಅಕ್ಕಾ ಎನ್ನುತ್ತಿದ್ದ.

"ಕಂಪನಿಯಿಂದನಽ ಬಂದಿಲ್ಲ ಆಪಾ. ಮುಂದಿನ ವಾರ ಬರ್ತೈತಿ."

ಮುಂದಿನ ವಾರ ಕೇಳಿದರೆ ಗಾಡಿ ತರುವ ಟ್ರೇಲರ್ ಸಿಕ್ಕಿಲ್ಲ ಎಂದ. ಅದರ ಮುಂದಿನ ವಾರ ಯಾವುದೋ ಬಿಡಿಭಾಗದ ಕೊರತೆ ಎಂದ. ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ. "ಮೀಟಿಂಗಿನಲ್ಲಿದ್ದೇನೆ" ಎಂಬ ಮೆಸೇಜು ಮಾತ್ರ ಬರುತ್ತಿತ್ತು. ದಿಲನಾಜ ರೊಟ್ಟಿ ಬಡಿಯುವಾಗಲೂ ಫೋನನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದಳು. ರಿಂಗಾದರೆ ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದಳು. ಹೆಚ್ಚಾಗಿ ಅದು ಯಾವುದೋ ಹುಡುಗಿಯ ತಾಯಿ: "ಗಾಡಿ ಬಂತೇನ್ರಿ?"

ಏನೆಂದು ಹೇಳುವುದು? ತಡವಾಗಿದೆ ಎನ್ನಬಹುದು. ಯಾಕೆ ಎಂದರೆ ಅವಳಿಗೇ ಗೊತ್ತಿಲ್ಲ. ಕಾರಣ ಗೊತ್ತಿದ್ದರೆ ಕಾಯಬಹುದಿತ್ತು, ಇದು ಹಾಗಲ್ಲ. ಗಾಡಿ ಬರುತ್ತದೋ ಇಲ್ಲವೋ, ತನ್ನ ಹೆಸರು ಅವರ ಕಾಗದದಲ್ಲಿ ಇದೆಯೋ ಇಲ್ಲವೋ, ಹಳ್ಳಿಯ ಹೆಂಗಸು ಏನು ಮಾಡಿಯಾಳು ಎಂದು ಬೇರೆ ಯಾರಿಗೋ ಕೊಟ್ಟುಬಿಟ್ಟರೋ, ಒಂದೊಂದು ದಿನ ಒಂದೊಂದು ಅನುಮಾನ ತಲೆ ತಿನ್ನುತ್ತಿತ್ತು. ಮುಸ್ತಾಕ್ ಬೈಯಲಿಲ್ಲ. "ಬುಕ್ಕಿಂಗ್ ಬಿಟ್ಟಬಿಡೂಣೇನು?" ಎಂದು ಒಮ್ಮೆ ಮೆಲ್ಲಗೆ ಕೇಳಿದ, ಅಷ್ಟೇ. ಬಿಟ್ಟರೆ ಬೇರೆ ಕಡೆ ಮತ್ತೆ ಮೊದಲಿನಿಂದ ಕಾಯಬೇಕು. ಕಾಲೇಜು ಕಾಯುವುದಿಲ್ಲ.

ಅವಳು ದಿನಾ ಹುಡುಗಿಯರ ಜೊತೆ ಬಸ್ಸು ಹತ್ತಿದಳು. ಆರು ಮಂದಿಯನ್ನು ಒಳಗೆ ತಳ್ಳಿ ತಾನು ಬಾಗಿಲ ಕಂಬಿ ಹಿಡಿದು ನಿಂತಳು. ಸಂಜೆ ಮತ್ತೆ ಹಾವೇರಿಗೆ ಹೋಗಿ ಕಾಲೇಜಿನ ಗೇಟಿನಲ್ಲಿ ಕಾದಳು. ಎರಡು ವಾರ ಹೀಗೇ ನಡೆಯಿತು.

ಮೂರನೆಯ ವಾರದ ಒಂದು ಸಂಜೆ ಜೋರು ಮಳೆ. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದು ಸಿಕ್ಕು ಕರ್ಜಗಿಯಲ್ಲಿ ಇಳಿದಾಗ ಏಳೂಮುಕ್ಕಾಲು. ಉಡಚಪ್ಪ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಸ್ಟ್ಯಾಂಡಿನಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಧೋತರ ಮೊಣಕಾಲಿನವರೆಗೆ ತೊಯ್ದಿತ್ತು. ದಿಲನಾಜ ಮಾತಾಡಲು ಬಾಯಿ ತೆರೆದಳು. ಅವನು ಮಗಳ ಕೈ ಹಿಡಿದುಕೊಂಡು ನಡೆದುಬಿಟ್ಟ.

ಮರುದಿನ ಬೆಳಿಗ್ಗೆ ಐದೇ ಮಂದಿ ಬಂದರು.

ದಿಲನಾಜ ಉಡಚಪ್ಪನ ಮನೆಗೆ ಹೋದಳು. ಮಹೇಶ್ವರಿ ಎಮ್ಮೆಯ ಮುಂದೆ ಮೇವು ಹಾಕುತ್ತಿದ್ದಳು, ಮುಖ ಎತ್ತಲಿಲ್ಲ.

"ಇನ್ನೊಂದ್ ವಾರ ನೋಡ್ರಿ ಉಡಚಪ್ಪಣ್ಣಾ," ಎಂದಳು ದಿಲನಾಜ.

"ವಾರ, ವಾರ ಅಂತ ನೀನೂ ಒಂದ್ ತಿಂಗಳಿಂದ ಹೇಳಾಕತ್ತೀದಿ. ನಿನ್ನ ತಪ್ಪೈತಿ ಅನ್ನೂದಿಲ್ಲ ನಾ. ಗಾಡಿ ಬಂದಾಗ ಹೇಳು."

ಅಲ್ಲಿಂದ ಅವಳು ರಾಣೆಬೆನ್ನೂರಿಗೆ ಹೋಗಲು ಶುರುಮಾಡಿದಳು. ಹುಡುಗಿಯರನ್ನು ಕಾಲೇಜಿಗೆ ಬಿಟ್ಟು, ಹಾವೇರಿಯಿಂದ ಬಸ್ಸು ಹಿಡಿದು, ಶೋರೂಮಿನ ಸೋಫಾದಲ್ಲಿ ಕೂತಳು. ಮಧ್ಯಾಹ್ನ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಳು. ಮೂರು ಗಂಟೆಗೆ ಎದ್ದು ಹಾವೇರಿಯ ಬಸ್ಸು ಹಿಡಿದಳು. ಎರಡನೆಯ ದಿನ ಅವಳ ಕಣ್ಣೆದುರೇ ಅಂಥದೇ ಬಿಳಿ ಗಾಡಿಗೆ ಹಾರ ಹಾಕಿ, ಕೇಕ್ ಕತ್ತರಿಸಿ, ಬೀಜದ ಕಂಪನಿಯ ನೌಕರನೊಬ್ಬನಿಗೆ ಕೀಲಿ ಕೊಟ್ಟು ಫೋಟೊ ತೆಗೆದರು.

"ಯಾವಾಗ ಬುಕ್ ಮಾಡಿದ್ರೀ?" ಎಂದು ಅವಳು ಅವನನ್ನು ಕೇಳಿದಳು.

"ಹದಿನೆಂಟು ದಿನ ಆತ್ರಿ."

ಅವಳು ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋಗಿ ಕೇಳಿದಳು. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅವರದು ಬೇರೆ ಮಾಡೆಲ್ಲು. ಈಗ ಆಷಾಢ ಬ್ಯಾರೆ ಬಂದೈತಿ. ಆಷಾಢದಾಗ ಯಾರೂ ಹೊಸಾ ಗಾಡಿ ಒಯ್ಯೂದಿಲ್ಲ. ನೀವೊಬ್ರು ಯಾಕ ಇಷ್ಟು ಅವಸರ ಮಾಡ್ತೀರಿ?" ಎಂದ.

"ನಮಗ ಆಷಾಢ ಇಲ್ಲರೀ ಸರ್. ಕಾಲೇಜಿಗೂ ಇಲ್ಲ."

ಅವನು ಫೋನ್ ಎತ್ತಿ ಬೇರೆ ಯಾರದೋ ಜೊತೆ ಮಾತಾಡತೊಡಗಿದ.

ನಾಲ್ಕನೆಯ ದಿನ ಶುಕ್ರವಾರ. ಒಂದು ಗಂಟೆಗೆ ದಿಲನಾಜ ಮರದ ಕೆಳಗೆ ಕೂತಿದ್ದಾಗ ಅಶ್ಫಾಕ ಟೋಪಿ ಕೈಯಲ್ಲಿ ಹಿಡಿದು ಹೊರಬಂದ. ಬೈಕ್ ಹತ್ತಿದವನು ಸ್ಟಾರ್ಟ್ ಮಾಡಲಿಲ್ಲ. ಇಳಿದು ಅವಳ ಹತ್ತಿರ ಬಂದ.

"ಆಪಾ, ನಮಾಜಿಗೆ ಹೊಂಟೇನಿ. ದಿನಾ ನಿಮ್ಮ ಮುಂದ ಸುಳ್ಳು ಹೇಳಿ ಅಲ್ಲಿ ಹೋಗಿ ನಿಂದರಾಕ ಆಗವಲ್ದು ನನಗ."

"ಏನಾಗೇತಿ ಹೇಳಪಾ."

"ನಿಮ್ಮ ಗಾಡಿ ಮೇ ತಿಂಗಳದಾಗನಽ ಬಂದೈತಿ. ಟ್ರೇಲರಿನಿಂದ ಇಳಸೂವಾಗ ಜಾರಿ ಬಿತ್ತು. ಹಿಂದಿನ ಬಾಗಲಾ, ತಳಾ ಎಲ್ಲಾ ಜಜ್ಜಿ ಹೋಗೇತಿ. ಬಡಿದು, ಬಣ್ಣಾ ಹೊಡಿಸಿ, ಹೊಸಾದು ಅಂತ ನಿಮಗ ಕೊಡೂ ವಿಚಾರ ನಡಸ್ಯಾರ. ಹೇಳಿದ್ರ ಕೆಲಸಾ ಹೋಗ್ತೈತಿ ಅಂತ ಅಂಜಿ ಸುಮ್ಮನಿದ್ದೆ." ಅವನು ಕೈಯಲ್ಲಿನ ಟೋಪಿಯನ್ನು ಮಡಚಿದ, ಬಿಚ್ಚಿದ. "ನನ್ನ ಹೆಸರು ತಗೀಬ್ಯಾಡ್ರಿ ಆಪಾ. ಮನ್ಯಾಗ ದುಡಿಯಾಂವ ನಾನೊಬ್ಬನಽ."

ಅವನು ಹೋದ ಮೇಲೆ ದಿಲನಾಜ ತಿನ್ನದ ಬುತ್ತಿಯನ್ನು ಮತ್ತೆ ಕಟ್ಟಿದಳು. ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. ಇವತ್ತಲ್ಲ ನಾಳೆ ಅವರು ಕರೆದು ಹಾರ ಹಾಕಿ ಆ ಗಾಡಿಯನ್ನೇ ಕೊಟ್ಟಿದ್ದರೆ ತಾನು ಖುಷಿಯಿಂದ ಹುಡುಗಿಯರನ್ನು ಅದರಲ್ಲಿ ಕೂರಿಸುತ್ತಿದ್ದೆ ಎಂಬುದು ತಲೆಯಿಂದ ಹೋಗಲಿಲ್ಲ. ಈಗ ಗೊತ್ತಿದೆ, ಆದರೆ ಗೊತ್ತಿದೆ ಎಂದು ಹೇಳುವಂತಿಲ್ಲ. ಹೇಳಿದರೆ ಆ ಹುಡುಗನ ಅನ್ನ ಹೋಗುತ್ತದೆ.

ಅವಳು ಬ್ಯಾಡಗಿಗೆ ತಂದೆಗೆ ಫೋನ್ ಹಚ್ಚಿದಳು. ಜಹಾಂಗೀರ ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ಬರ್ತೇನಿ. ನೀ ಒಬ್ಬಾಕಿನಽ ಒಳಗ ಹೋಗಬ್ಯಾಡ," ಎಂದ.

ಶನಿವಾರ ಅಪ್ಪ ಮಗಳು ಮ್ಯಾನೇಜರನ ಮುಂದೆ ಕೂತರು. ಜಹಾಂಗೀರನ ಒಂದು ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ ಇತ್ತು. ಮ್ಯಾನೇಜರ್ ಹಳೆಯ ಮಾತನ್ನೇ ಹೇಳಿದ: ಗಾಡಿ ಕಂಪನಿಯಿಂದ ಬಂದಿಲ್ಲ.

"ಆತು ಸಾಹೇಬರ," ಎಂದ ಜಹಾಂಗೀರ. "ಬಂದಿಲ್ಲ ಅಂತನಽ ನಿಮ್ಮ ಕಾಗದದ ಮ್ಯಾಲೆ ಬರದು ಕೊಡ್ರಿ. ಇವತ್ತಿನ ತಾರೀಖು, ನಿಮ್ಮ ಸಹಿ, ಸೀಲು. ಅಷ್ಟು ಕೊಟ್ರ ನಾವು ಮನಿಗೆ ಹೋಗ್ತೇವಿ."

"ಅದೆಲ್ಲಾ ಯಾಕ್ರಿ?"

"ಊರಾಗ ಆರು ಮನಿಯವರು ಕೇಳಾಕತ್ತಾರ್ರಿ. ತೋರಸಬೇಕು. ಕಂಪನಿಗೂ ಒಂದು ಕಳಸ್ತೇವಿ."

ಮ್ಯಾನೇಜರ್ ಹಾಳೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ. ದಿಲನಾಜ ಆ ಪೆನ್ನನ್ನೇ ನೋಡುತ್ತಿದ್ದಳು. ಬರೆದುಬಿಟ್ಟರೆ? ಬರೆದರೆ ತನ್ನ ಹತ್ತಿರ ಮುಂದೆ ಆಡಲು ಮಾತೇ ಇಲ್ಲ. ಅವನು ತಾರೀಖು ಬರೆದ. ಅವಳ ಹೆಸರು ಬರೆದ. ಗಾಡಿ ಕಳಿಸಿದ ಲೆಕ್ಕ ಕಂಪನಿಯಲ್ಲಿ ಇರುವುದು ನೆನಪಾದವನಂತೆ ಅಲ್ಲಿಗೆ ನಿಲ್ಲಿಸಿ ಪೆನ್ನನ್ನು ಮೇಜಿನ ಮೇಲೆ ಇಟ್ಟ. ಹೊರಗಿನ ಹಾಲಿನಲ್ಲಿ ಅಶ್ಫಾಕ ಯಾರಿಗೋ ಗಾಡಿಯ ಬಾಗಿಲು ತೆರೆದು ತೋರಿಸುತ್ತ, ಈ ಕಡೆ ಬೆನ್ನು ಮಾಡಿ ನಿಂತಿದ್ದ.

"ಸ್ವಲ್ಪ ತೊಂದ್ರಿ ಆಗೇತ್ರಿ," ಎಂದ ಮ್ಯಾನೇಜರ್. ಆಮೇಲೆ ಎಲ್ಲವನ್ನೂ ಹೇಳಿದ. "ಹೊಸಾದಕ್ಕಿಂತ ಚಲೋ ಮಾಡಿ ಕೊಡ್ತೇವಿ ಮೇಡಂ. ನೋಡಿದ್ರ ಗೊತ್ತಽ ಆಗೂದಿಲ್ಲ."

"ಗೊತ್ತಾಗೂದಿಲ್ಲ ಅನ್ನೂದಽ ನನಗ ಅಂಜಿಕಿರಿ," ಎಂದಳು ದಿಲನಾಜ. "ಅದರಾಗ ಕುಂದರೂದು ಮಂದಿ ಹೆಣ್ಮಕ್ಕಳು. ನನಗ ಆ ಗಾಡಿ ಬ್ಯಾಡ. ಬ್ಯಾರೆ ಗಾಡಿ, ಯಾವ ದಿನ ಕೊಡ್ತೀರಿ ಅಂತ ಇದಽ ಹಾಳಿ ಮ್ಯಾಲೆ ಬರೀರಿ."

ಅವನು ಎರಡು ಮೂರು ಕಡೆ ಫೋನ್ ಮಾಡಿದ. ದಾವಣಗೆರೆಯ ಶಾಖೆಯಲ್ಲಿ ಒಂದು ಗಾಡಿ ಇತ್ತು. ನೋಂದಣಿ, ಪರ್ಮಿಟ್ ಎಲ್ಲ ಸೇರಿ ಹನ್ನೆರಡು ದಿನ ಎಂದು ಬರೆದು ಸಹಿ ಹಾಕಿದ. ಹೊರಗೆ ಬರುವಾಗ ದಿಲನಾಜ ಅಶ್ಫಾಕನ ಕಡೆ ತಿರುಗಿಯೂ ನೋಡಲಿಲ್ಲ.

ಆ ಹನ್ನೆರಡು ದಿನಗಳೂ ನಿರಾಳವಾಗಿ ಕಳೆಯಲಿಲ್ಲ. ಕಾಗದ ಕೈಯಲ್ಲಿತ್ತು, ಆದರೆ ಇಷ್ಟು ದಿನ ಕೇಳಿದ ಸುಳ್ಳುಗಳ ಮೇಲೆ ಅದನ್ನೂ ನಂಬುವುದು ಕಷ್ಟವಾಗಿತ್ತು. ಗಾಡಿ ಬಂದದ್ದು ಹದಿಮೂರನೆಯ ದಿನ. ಜಹಾಂಗೀರ ಅದರ ಸುತ್ತ ಎರಡು ಸಲ ತಿರುಗಿ, ಬಾಗಿಲುಗಳ ಅಂಚಿಗೆಲ್ಲ ಬೆರಳಾಡಿಸಿ, ಕೆಳಗೆ ಬಗ್ಗಿ ನೋಡಿ, "ತಗೋ ಬೇಟಿ," ಎಂದ. ಕೇಕ್ ಬೇಡ ಎಂದು ಹೇಳಿ ದಿಲನಾಜ ಕೀಲಿ ತೆಗೆದುಕೊಂಡಳು.

ಸಂಜೆ ಅವಳು ಉಡಚಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ಯಾಕೆ ತಡವಾಯಿತು ಎಂಬುದನ್ನು ಒಂದೂ ಬಿಡದೆ ಹೇಳಿದಳು, ಅಶ್ಫಾಕನದೊಂದು ಬಿಟ್ಟು. ಉಡಚಪ್ಪ ಎಲ್ಲವನ್ನೂ ಕೇಳಿ, "ನಾಕ ದಿನ ನೋಡ್ತೇನಿ," ಎಂದ.

ನಾಲ್ಕು ದಿನವೂ ಅವನು ಬೆಳಿಗ್ಗೆ ಸಂಜೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಗಾಡಿ ಹೋಗುವುದನ್ನೂ ಬರುವುದನ್ನೂ ನೋಡಿದ. ಐದನೆಯ ದಿನ ಮಗಳನ್ನು ಕರೆತಂದು ತಾನೇ ಬಾಗಿಲು ತೆಗೆದು ಕೂರಿಸಿದ.

"ಸಂಜಿಕೆ ಎಷ್ಟಕ್ಕ?"

"ಐದೂವರೆಗೆ ಇಲ್ಲಿರ್ತೇನಿ ಅಣ್ಣಾ."

ಅವತ್ತೇ ಸಂಜೆ ಹಾವೇರಿ ದಾಟಿದ ಮೇಲೆ ಗೊಬ್ಬರ ಹೇರಿದ ಟ್ರ್ಯಾಕ್ಟರೊಂದು ಗಾಲಿ ಒಡೆದು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಮುಂದೆ ಲಾರಿಗಳು. ಗಡಿಯಾರದಲ್ಲಿ ಐದೂ ಇಪ್ಪತ್ತೈದು. ದಿಲನಾಜ ಫೋನ್ ಹಿಂದಕ್ಕೆ ಕೊಟ್ಟಳು.

"ಮಹೇಶ್ವರಿ, ನಿಮ್ಮಪ್ಪಗ ಹಚ್ಚು. ಎಲ್ಲಿದ್ದೇವಿ, ಏನಾಗೇತಿ, ಎಲ್ಲಾ ಹೇಳು."

ಕರ್ಜಗಿ ಮುಟ್ಟಿದಾಗ ಆರು ದಾಟಿತ್ತು. ಉಡಚಪ್ಪ ಕಟ್ಟೆಯಿಂದ ಎದ್ದು ಬಂದ. ಮಗಳು ಇಳಿದಳು. ಅವನು ಕಿಟಕಿಗೆ ಬಗ್ಗಿ, "ಟ್ರ್ಯಾಕ್ಟರ್ ತೆಗದ್ರೇನವಾ?" ಎಂದು ಕೇಳಿದ.

"ತೆಗದ್ರು ಅಣ್ಣಾ. ನಾಕ ಮಂದಿ ಹಚ್ಚಿ ದೂಡಿದ್ರು."

"ಹೂಂ," ಎಂದ. ಮಗಳ ಕೈಯಿಂದ ಪುಸ್ತಕದ ಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ.