ಅಂಗಳಕ್ಕೆ ಬಂದ ಪಾರ್ಕು

ಬಂಟ್ವಾಳದಲ್ಲಿ ಹಂಚಿನ ಕಾರ್ಖಾನೆಯ ಕೆಲಸಕ್ಕೆಂದು ದೂರದೂರದಿಂದ ಬಂದವರೆಲ್ಲ ಬಾಡಿಗೆಗೆ ಇದ್ದ ಓಣಿ ನಮ್ಮದು. ಒಂದು ಮನೆಯಲ್ಲಿ ಮಲಯಾಳ, ಇನ್ನೊಂದರಲ್ಲಿ ತಮಿಳು, ನಮ್ಮಲ್ಲಿ ಮೈಸೂರು ಕಡೆಯ ಕನ್ನಡ. ಹೊಸಿಲು ದಾಟಿದರೆ ಎಲ್ಲರಿಗೂ ತುಳು, ಶಾಲೆಯಲ್ಲಿ ಕಲಿತ ನನಗೂ; ಇನ್ನೂ ಹೊಸಬಳಾಗಿದ್ದ ಅಮ್ಮನೊಬ್ಬಳನ್ನು ಬಿಟ್ಟು.

ಅರವತ್ತರ ದಶಕದ ಶುರುವಿನಲ್ಲಿ ಮನೆಯ ಧಣಿಗಳು ನಮ್ಮ ಅಂಗಳವನ್ನು ಪಂಚಾಯತಿಗೆ ಬಿಟ್ಟುಕೊಟ್ಟರು. ಪಂಚಾಯತಿಯವರು ಎರಡು ಕಲ್ಲುಬೆಂಚು ಹಾಕಿ, ನಾಲ್ಕು ಕ್ರೋಟನ್ ನೆಟ್ಟು, ಪಾರ್ಕು ಎಂದು ಕರೆದು ಕೈತೊಳೆದುಕೊಂಡರು. ನಮ್ಮ ಜಗಲಿಯ ಮೆಟ್ಟಿಲಿಳಿದರೆ ಕಾಲು ಪಾರ್ಕಿನಲ್ಲೇ.

ಸಂಜೆ ಓಣಿಯ ಹೆಂಗಸರು ಬೀಡಿ ಕಟ್ಟಲು ಎಲೆ ತುಂಬಿದ ಗೆರಸೆ, ಅಂದರೆ ಮೊರ, ಹಿಡಿದು ಅಲ್ಲಿಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತ ಅಮ್ಮನನ್ನು ನೋಡಿ ಅರ್ಧ ನಕ್ಕು ತಲೆ ತಗ್ಗಿಸುತ್ತಿದ್ದರು. ಘಟ್ಟದ ಮೇಲಿನವಳೆಂದು ತಾತ್ಸಾರ, ಇನ್ನೇನು ಎಂದುಕೊಂಡಳು ಅಮ್ಮ. "ಇವರ ಮಧ್ಯೆ ನನ್ನ ಕೈಲಿ ಆಗಲ್ಲ, ಊರಿಗೆ ಹೋಗೋಣ" ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪ ಊರ ಕಡೆ ಕೆಲಸ ಹುಡುಕತೊಡಗಿದರು. ನನಗೆ ಶಾಲೆ, ಗೆಳತಿಯರನ್ನು ಬಿಡುವುದು ಸುತರಾಂ ಇಷ್ಟವಿರಲಿಲ್ಲ. ಆದರೆ ಕೇಳುವವರು ಯಾರು?

ಬೇಸಿಗೆಯ ಒಂದು ಸಂಜೆ ಬೆಂಚಿನ ಮೇಲೆ ಕೂತಿದ್ದ ಕೊನೆಮನೆಯ ಬ್ಯಾರಿ ಮುಸ್ಲಿಂ ಅಜ್ಜಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಅಮ್ಮ ಒಳಗೋಡಿ ತಂಬಿಗೆ ನೀರು ತಂದಳು, ಗಂಟಲಿಗೆ ಒಳ್ಳೆಯದೆಂದು ಬೆಲ್ಲದ ಚೂರನ್ನೂ ಕೊಟ್ಟಳು. ಸುಧಾರಿಸಿಕೊಂಡ ಅಜ್ಜಿ ಉಳಿದವರ ಕಡೆ ತಿರುಗಿ ತುಳುವಿನಲ್ಲಿ ಅಮ್ಮನಿಗೆ ತಿಳಿಯದ ಏನೋ ಅಂದರು. ಎಲ್ಲರೂ ನಕ್ಕರು. ಅಮ್ಮನ ಮುಖ ಸಣ್ಣದಾಯಿತು.

"ಬೇಜಾರು ಮಾಡ್ಬೇಡ ಮಗಳೇ," ಅಜ್ಜಿ ನಿಧಾನವಾಗಿ ಕನ್ನಡದಲ್ಲಿ ಹೇಳಿದರು. "ಇಲ್ಲಿ ಅಂಗಳಕ್ಕೆ ಯಾರು ಬಂದ್ರೂ ಮನೆಯವರು ಮೊದಲು ಬೆಲ್ಲ ನೀರು ಕೊಡುವ ಕ್ರಮ ಉಂಟು. ಮತ್ತೆ ಮಾತು. ನೀನು ಕೊಡ್ಲೇ ಇಲ್ಲ. ನಾವು ಬರುವುದು ನಿನಗೆ ಇಷ್ಟ ಇಲ್ಲ ಅಂತ ಗ್ರಹಿಸಿದ್ದು. ಅಂತೂ ಇವತ್ತು ಕೊಟ್ಟೆ ನೋಡು, ಅದನ್ನೇ ಹೇಳಿ ನಕ್ಕದ್ದು!"

"ಇದು ಪಾರ್ಕಲ್ವಾ ಅಜ್ಜಿ? ನೀವು ಕರೀತೀರಿ ಅಂತ ನಾನು ಕಾಯ್ತಿದ್ದೆ."

"ಪಾರ್ಕು ಪಂಚಾಯತಿಯದ್ದು. ಅಂಗಳ ನಿನ್ನದೇ ಅಲ್ವಾ ಮಾರಾಯ್ತಿ?"

ಅಮ್ಮ ಅತ್ತುಬಿಟ್ಟಳು. ಅಜ್ಜಿ ಅವಳನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಮುದುಕಿಯ ಮೇಲೆ ನನಗೆ ಈಗಲೂ ಪ್ರೀತಿ ಉಕ್ಕುತ್ತದೆ.

ಮಳೆಗಾಲಕ್ಕೆ ಮೊದಲು ಅಪ್ಪ ಬೀಗುತ್ತ ಬಂದರು. ಊರಲ್ಲಿ ಕೆಲಸ ಸಿಕ್ಕಿತ್ತು. "ಇನ್ನು ಸಾಮಾನು ಕಟ್ಟು" ಎಂದರು.

ಅಮ್ಮ ಗೆರಸೆಯಿಂದ ತಲೆಯೆತ್ತಲಿಲ್ಲ. "ನೀವು ಬೇಕಾದ್ರೆ ಹೋಗಿ. ನಾನು ಈಗಷ್ಟೇ ಬೀಡಿ ಕಟ್ಟೋದು ಕಲೀತಿದೀನಿ."